ವಸಂತ್ ಸಾಹೇಬರಿಗೆ ಬೆಲ್ಟು ಬಿಗಿದ ಕೈ

ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಿದ್ಧ ಉಡುಪಿನ ಕಾರ್ಖಾನೆಯೊಂದರ ಹಿಂಬದಿಯ ಬಯಲಿನಲ್ಲಿ ಬಸ್ಸುಗಳು ಸಾಲಾಗಿ ನಿಂತಿವೆ. ಇನ್ನು ಸ್ವಲ್ಪ ಹೊತ್ತಿಗೆ ಇವೆಲ್ಲ ಸುತ್ತಲಿನ ಹಳ್ಳಿಗಳಿಗೆ ಹೊರಟು, ಬೆಳಗಿನ ಪಾಳಿಯ ಹೆಣ್ಣುಮಕ್ಕಳನ್ನು ತುಂಬಿಕೊಂಡು ಬರಬೇಕು. ತಲೆಗೆ ಮಫ್ಲರ್ ಸುತ್ತಿಕೊಂಡ ಸಣಕಲು ದೇಹದ ಹಿರಿಯರೊಬ್ಬರು ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಗ್ರೀಸಿನ ಡಬ್ಬಿ ಹಿಡಿದು ಮೊದಲ ಬಸ್ಸಿನ ಹಿಂದೆ ಹೋಗಿ ನಿಲ್ಲುತ್ತಾರೆ. ತುರ್ತು ಬಾಗಿಲಿನ ಹಿಡಿಕೆ ತಿರುಗಿಸಿ ಎಳೆಯುತ್ತಾರೆ. ಬಾಗಿಲು ಕಿರ್ರೆಂದು ತೆರೆದುಕೊಳ್ಳುತ್ತದೆ. ಕೀಲಿಗೆ ಗ್ರೀಸು ಸವರಿ, ಮುಚ್ಚಿ, ಮತ್ತೊಮ್ಮೆ ತೆರೆದು ನೋಡುತ್ತಾರೆ. ಆಮೇಲೆ ಚಹಾ ಕುಡಿಯುತ್ತಿದ್ದ ಡ್ರೈವರ್ ಚೌಡೇಶ್ ಅವರನ್ನು ಕೂಗಿ ಕರೆಯುತ್ತಾರೆ.

"ಬಾಪ್ಪಾ ಚೌಡೇಶ, ಈಗ ನೀನೊಂದ್ಸಲ ತೆಗಿ."

ಚೌಡೇಶ್ ಲೋಟ ಕೆಳಗಿಟ್ಟು ಬಂದು ಹಿಡಿಕೆ ತಿರುಗಿಸುತ್ತಾರೆ. "ತೆಗೀತು ತಾತ."

"ಬರೀ ತೆಗೀತು ಅಂದ್ರೆ ಸಾಲ್ದು. ರಾತ್ರಿ ಏನ್ ಊಟ?"

"ಉಪ್ಸಾರು ಮುದ್ದೆ."

"ಹಂಗಾದ್ರೆ ಪೂರ್ತಿ ಹೇಳು."

"ಬಾಗ್ಲು ತೆಗೀತು, ರಾತ್ರಿ ಉಪ್ಸಾರು ಮುದ್ದೆ. ಸಾಕಾ?"

ಸಾಕು. ಹಿರಿಯರು ಮುಂದಿನ ಬಸ್ಸಿಗೆ ಹೋಗುತ್ತಾರೆ. ಅಲ್ಲಿ ಬಾಗಿಲು ಗಡಗಡ ಸದ್ದು ಮಾಡುತ್ತದೆಂದು ಡ್ರೈವರು ಒಳಗಿನಿಂದ ತಂತಿ ಬಿಗಿದಿದ್ದಾರೆ. ಹಿರಿಯರು ಬೈಯುವುದಿಲ್ಲ. ಜೇಬಿನಿಂದ ಕಟಿಂಗ್ ಪ್ಲೇಯರ್ ತೆಗೆದು ತಂತಿಯನ್ನು ಕತ್ತರಿಸಿ, ತುಂಡನ್ನು ಡ್ರೈವರ ಕೈಗೇ ಕೊಡುತ್ತಾರೆ. ಆ ತುಂಡು ಹಿಡಿದುಕೊಂಡು ಎಲ್ಲರೆದುರು ಸ್ವಲ್ಪ ಹೊತ್ತು ನಿಲ್ಲುವುದಕ್ಕಿಂತ ನಾಲ್ಕು ಬೈಗುಳವೇ ವಾಸಿ ಎಂದು ಡ್ರೈವರುಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ.

"ತಾತಂಗೆ ಸ್ವಲ್ಪ ತಿಕ್ಕಲು ಅಂತ ಮೊದ್ಲು ನಗಾಡ್ತಿದ್ವಿ ಗುರು," ಎನ್ನುತ್ತಾರೆ ಚೌಡೇಶ್. "ಬಾಗ್ಲಿಗೂ ಸಾರಿಗೂ ಏನ್ ಸಂಬಂಧ ಅಂತ. ಆಮೇಲೊಂದ್ಸಲ ಕೇಳ್ದೆ. ದಿನಾ ಮಾಡೋ ಕೆಲ್ಸಕ್ಕೆ ನೆನಪು ಇರಲ್ಲ ಕಣಪ್ಪ ಅಂದ್ರು. ಸೋಮವಾರ ಬಾಗ್ಲು ತೆಗ್ದು ನೋಡಿದ್ಯಾ ಅಂತ ನಾಳೆ ಯಾರಾದ್ರೂ ಕೇಳಿದ್ರೆ, ಸೋಮವಾರ ಉಪ್ಸಾರು ಅನ್ನೋದು ಜ್ಞಾಪಕ ಬರ್ತದೆ, ಅದ್ರ ಜೊತೆ ಬಾಗ್ಲೂ ಜ್ಞಾಪಕ ಬರ್ತದೆ ಅಂದ್ರು. ಅದಾದ್ಮೇಲೆ ನಾನು ನಗಾಡಿಲ್ಲ."

ಹಿರಿಯರ ಹೆಸರು ಆದಿನಾರಾಯಣಪ್ಪ. ಎಪ್ಪತ್ತರ ಹೊಸ್ತಿಲಲ್ಲಿದ್ದಾರೆ. ಕಾರ್ಖಾನೆಗೆ ಬಸ್ಸು ಒದಗಿಸುವ ಗುತ್ತಿಗೆದಾರರ ಬಳಿ ಗಾಡಿ ತಪಾಸಣೆಯ ಕೆಲಸ. ಬಸ್ಸುಗಳು ಹೊರಟುಹೋದ ಮೇಲೆ ಅವರ ದಿನದ ಮುಖ್ಯ ಕೆಲಸ ಮುಗಿದಂತೆ. ಆ ಬಸ್ಸುಗಳಲ್ಲಿ ಓಡಾಡುವ ಹೆಣ್ಣುಮಕ್ಕಳಲ್ಲಿ ಅವರ ಹೆಸರು ಬಲ್ಲವರು ಒಬ್ಬರೂ ಇರಲಾರರು. ಗೊತ್ತಿರಬೇಕಾದ ಅಗತ್ಯವೂ ಅವರಿಗೆ ಕಾಣುವುದಿಲ್ಲ. ಆದರೆ ಈ ಮನುಷ್ಯ ಬಾಗಿಲಿನ ಜೊತೆ ಸಾರನ್ನು ಸೇರಿಸಿಕೊಂಡಿರುವುದರ ಹಿಂದೆ ಒಂದು ಸಾವಿದೆ. ಆ ಸಾವಿನ ಬಗ್ಗೆ ಒಬ್ಬ ಹೆಣ್ಣುಮಗಳಿಗೆ ಹೇಳಲೇಬೇಕಾಗಿದ್ದ ಒಂದು ಮಾತನ್ನು ಅವರು ಮೂವತ್ತು ವರ್ಷಕ್ಕೂ ಮಿಗಿಲಾಗಿ ಹೇಳದೆ ಉಳಿಸಿಕೊಂಡಿದ್ದರು.

ಆದಿನಾರಾಯಣಪ್ಪ ಹುಟ್ಟಿದ್ದು ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ. ಮಗ್ಗದ ಸದ್ದು ನಿಂತರೆ ನಿದ್ದೆಯಿಂದ ಎಚ್ಚರಾಗುವಂಥ ಮನೆ. ಅಣ್ಣಂದಿರು ಸೀರೆ ನೇಯ್ಗೆಗೆ ಇಳಿದರು. ಇವರು ಐಟಿಐ ಓದಿ ಫಿಟ್ಟರ್ ಆದರು. ವಿಮಾನ ತಯಾರಿಸುವ ಸಂಸ್ಥೆಯೊಂದರಲ್ಲಿ ಕೆಲಸ ಸಿಕ್ಕಾಗ ಬೀದಿಗೆಲ್ಲ ಸಿಹಿ ಹಂಚಿದ್ದರು. ಮಗ್ಗದ ಕೈ ವಿಮಾನಕ್ಕೂ ಒಗ್ಗಿತು. ಕೆಲವೇ ವರ್ಷಗಳಲ್ಲಿ ಅವರನ್ನು ಹೊಸ ವಿಮಾನಗಳನ್ನು ಪರೀಕ್ಷಿಸುವ ವಿಭಾಗಕ್ಕೆ ಹಾಕಿದರು. ಅಲ್ಲಿ ಅವರಿಗೆ ವಾಯುಪಡೆಯ ವಿಂಗ್ ಕಮಾಂಡರ್ ವಸಂತ್ ಸಿಕ್ಕರು.

ವಸಂತ್ ತ್ಯಾಮಗೊಂಡ್ಲು ಕಡೆಯವರು, ಪ್ರಾಥಮಿಕ ಶಾಲೆಯ ಮೇಷ್ಟರ ಮಗ. ಟೆಸ್ಟ್ ಪೈಲಟ್. ಹೊಸದಾಗಿ ಮಾಡಿದ ವಿಮಾನವನ್ನು ಮೊದಲ ಬಾರಿಗೆ ಆಕಾಶಕ್ಕೆ ಒಯ್ಯುವುದು, ಅದು ಎಲ್ಲಿ ಕೈಕೊಡುತ್ತದೆಂದು ತಾನೇ ಹೋಗಿ ಕಂಡುಕೊಂಡು ಬರುವುದು ಅವರ ಉದ್ಯೋಗ. ಆಗ ತಯಾರಾಗುತ್ತಿದ್ದದ್ದು ಹೊಸ ಹುಡುಗರು ಹಾರಾಟ ಕಲಿಯಲೆಂದು ಮಾಡಿದ ವಿಮಾನ. ಕಲಿಯುವವರು ತಪ್ಪು ಮಾಡಿಯೇ ಮಾಡುತ್ತಾರೆ, ವಿಮಾನ ಗಿರಗಿರ ಸುತ್ತುತ್ತಾ ನೆಲಕ್ಕೆ ಬೀಳತೊಡಗುತ್ತದೆ. ಹಾಗೆ ಬೀಳುವಾಗ ಅದನ್ನು ಮತ್ತೆ ಎತ್ತಿ ನಿಲ್ಲಿಸಲು ಬರುತ್ತದೋ ಇಲ್ಲವೋ ಎಂದು ಯಾರಿಗೂ ಗೊತ್ತಿರಲಿಲ್ಲ. ಆ ವಿಮಾನವನ್ನು ಬೇಕೆಂದೇ ಬೀಳಿಸಿ, ಎತ್ತಿ ನಿಲ್ಲಿಸಿದವರಲ್ಲಿ ವಸಂತ್ ಮೊದಲಿಗರು.

"ಬೀಳೋದು ಹೆಂಗೆ ಅಂತ ಹೋಗಿ ನೋಡ್ಕೊಂಡ್ಬಂದು, ಬೇರೆ ಮಕ್ಳು ಬೀಳದಂಗೆ ಮಾಡೋ ಕೆಲ್ಸ ಅವರ್ದು," ಎನ್ನುತ್ತಾರೆ ಆದಿನಾರಾಯಣಪ್ಪ. "ನನ್ನ ಕೆಲ್ಸ ಅಷ್ಟೇನಿಲ್ಲ. ಏಣಿ ಇಡೋದು, ಅವರ್ನ ಕೂರಿಸೋದು, ಬೆಲ್ಟು ಬಿಗಿಯೋದು, ಪಿನ್ನು ತೆಗೆಯೋದು, ಇಳಿಯೋದು."

ಈ ಪಿನ್ನಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಂಥ ವಿಮಾನದ ಸೀಟಿನ ಕೆಳಗೆ ಸಿಡಿಮದ್ದು ಇರುತ್ತದೆ. ಅಪಾಯ ಬಂದಾಗ ಪೈಲಟ್ ಒಂದು ಹಿಡಿಕೆ ಎಳೆದರೆ ಸೀಟು ಅವರನ್ನು ಹೊತ್ತು ಹೊರಕ್ಕೆ ಚಿಮ್ಮುತ್ತದೆ, ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ. ನೆಲದ ಮೇಲೆ ನಿಂತಿರುವಾಗ ಯಾರ ಕೈಯೋ ತಗುಲಿ ಅದು ಸಿಡಿದರೆ ಪ್ರಾಣವೇ ಹೋದೀತು. ಅದಕ್ಕಾಗಿ ಹಿಡಿಕೆ ಅಲುಗದಂತೆ ಕೆಂಪು ಪಟ್ಟಿ ಕಟ್ಟಿದ ಪಿನ್ನು ಚುಚ್ಚಿಟ್ಟಿರುತ್ತಾರೆ. ಹಾರುವ ಮೊದಲು ಫಿಟ್ಟರ್ ಅದನ್ನು ತೆಗೆಯಬೇಕು. ತೆಗೆದು, ಎತ್ತಿ, ಪೈಲಟ್‌ಗೆ ತೋರಿಸಬೇಕು. ಪೈಲಟ್ ಕಣ್ಣಾರೆ ನೋಡಿ ಹೆಬ್ಬೆರಳು ಎತ್ತಬೇಕು. ಆಮೇಲೆ ಪಿನ್ನನ್ನು ಪೈಲಟ್ ಕೈಗೇ ಕೊಡುವುದು, ಅವರು ಅದನ್ನು ಪಕ್ಕದ ಚೀಲದಲ್ಲಿ ಇಟ್ಟುಕೊಳ್ಳುವುದು ಅಲ್ಲಿಯ ಪದ್ಧತಿ. ಪಿನ್ನು ತೆಗೆಯದೆ ಹಾರಿದರೆ ಆ ಹಿಡಿಕೆಯನ್ನು ಎಷ್ಟು ಎಳೆದರೂ ಅದು ಬರುವುದಿಲ್ಲ.

ಆ ದಿನ ಬೆಳಗ್ಗೆ ದಟ್ಟ ಮಂಜು. ವಸಂತ್ ಹತ್ತಿ ಕುಳಿತರು. ಆದಿನಾರಾಯಣಪ್ಪ ಬೆಲ್ಟು ಬಿಗಿದರು, ಪಿನ್ನು ತೆಗೆದು ತೋರಿಸಿದರು, ವಸಂತ್ ಹೆಬ್ಬೆರಳು ಎತ್ತಿದರು. ಇನ್ನೇನು ಏಣಿ ಸರಿಸಬೇಕು, ಅಷ್ಟರಲ್ಲಿ ಮಂಜು ಕರಗಿಲ್ಲ, ಕಾಯಿರಿ ಎಂದು ಹೇಳಿ ಕಳಿಸಿದರು. ಪಿನ್ನನ್ನು ಮತ್ತೆ ಅದರ ಜಾಗಕ್ಕೆ ಚುಚ್ಚಿ ವಸಂತ್ ಅವರನ್ನು ಕೆಳಗಿಳಿಸಿದ್ದಾಯಿತು. ಇಬ್ಬರೂ ರೆಕ್ಕೆಯ ಪಕ್ಕ ನಿಂತು ಚಹಾ ಕುಡಿದರು. ಮಂಜು ಸ್ವಲ್ಪ ತಿಳಿಯಾಯಿತು. ಅಷ್ಟು ಹೊತ್ತಿಗೆ ಶಾಮಿಯಾನದ ಕೆಳಗೆ ಯಾರೋ ದೊಡ್ಡ ಮನುಷ್ಯರು ಬಂದು ಕುಳಿತಿದ್ದರು, ಬೇಗ ಬೇಗ ಎಂದು ಅವಸರ ಶುರುವಾಗಿತ್ತು. ಮತ್ತೆ ಏಣಿ, ಮತ್ತೆ ಬೆಲ್ಟು. ವಿಮಾನ ಮೇಲೇರಿತು.

ಬೂದಿಗೆರೆ ಕಡೆಯ ಒಂದು ಪುಟ್ಟ ಊರಿನ ಮೇಲೆ ಬರುವಾಗ ಎಂಜಿನ್ ನಿಂತುಹೋಯಿತು. ಹೊರಗೆ ಬನ್ನಿ ಎಂದು ಕೆಳಗಿನಿಂದ ರೇಡಿಯೋದಲ್ಲಿ ಹೇಳಿದರು. "ಈಗ ಬೇಡ, ಕೆಳಗೆ ಊರಿದೆ," ಎಂದರಂತೆ ವಸಂತ್. ಮತ್ತೆ ಅವರ ದನಿ ಕೇಳಿಸಲಿಲ್ಲ. ವಿಮಾನ ಊರನ್ನು ದಾಟಿ, ಒಣಗಿದ ಕೆರೆಯಂಗಳಕ್ಕೆ ಬಿದ್ದು ಉರಿದುಹೋಯಿತು. ಊರಿನ ಒಂದು ಹೆಂಚೂ ಅಲುಗಲಿಲ್ಲ. ವಸಂತ್ ಹೊರಗೆ ಬಂದಿರಲಿಲ್ಲ.

ವಿಚಾರಣೆ ನಡೆಯಿತು. ಮೇಜಿನ ಆಚೆ ಅಧಿಕಾರಿಗಳು, ಈಚೆ ಆದಿನಾರಾಯಣಪ್ಪ. ಸೀಟಿನ ಪಿನ್ನು ತೆಗೆದು ಪೈಲಟ್‌ಗೆ ತೋರಿಸಿದಿರಾ ಎಂದು ಕೇಳಿದರು. ಪ್ರಶ್ನೆ ಮುಗಿಯುವ ಮೊದಲೇ ಅವರ ಬಾಯಿಂದ ಉತ್ತರ ಬಂದಿತ್ತು.

"ತೋರಿಸ್ದೆ ಸಾರ್ ಅಂದ್ಬಿಟ್ಟೆ. ಸುಳ್ಳು ಹೇಳ್ಬೇಕು ಅಂತ ಹೇಳಿದ್ದಲ್ಲ. ದಿನಾ ತೋರಿಸ್ತಿದ್ದೆ, ಅದಕ್ಕೇ ಹೇಳ್ದೆ. ಆಚೆ ಬಂದು ಬೆಂಚಿನ ಮೇಲೆ ಕೂತ್ಕೊಂಡು ಯೋಚ್ನೆ ಮಾಡ್ತೀನಿ, ಸಾಹೇಬ್ರು ಹೆಬ್ಬೆರಳು ಎತ್ತಿದ್ದು ಕಣ್ಣಿಗೆ ಕಟ್ದಂಗೈತೆ. ಆದ್ರೆ ಅದು ಮೊದಲ್ನೇ ಸಲ ಹತ್ತಿದಾಗ್ಲೋ, ಎರಡ್ನೇ ಸಲ ಹತ್ತಿದಾಗ್ಲೋ? ಗೊತ್ತಾಗ್ಲಿಲ್ಲ. ಇವತ್ತಿಗೂ ಗೊತ್ತಾಗಿಲ್ಲ."

ವಿಮಾನದಲ್ಲಿದ್ದುದೆಲ್ಲ ಬೂದಿಯಾಗಿತ್ತು, ಕೇಳಿ ತಿಳಿಯಲು ಬೇರೆ ಯಾರೂ ಇರಲಿಲ್ಲ. ಊರನ್ನು ಉಳಿಸಲು ಪೈಲಟ್ ಒಳಗೇ ಉಳಿದರು, ಊರು ದಾಟುವಷ್ಟರಲ್ಲಿ ಹೊರಗೆ ಹಾರುವಷ್ಟು ಎತ್ತರ ಉಳಿದಿರಲಿಲ್ಲ ಎಂದು ವಿಚಾರಣೆ ಮುಗಿಯಿತು. ವಸಂತ್ ಅವರಿಗೆ ಮರಣೋತ್ತರ ಪದಕ ಬಂತು. ಪತ್ರಿಕೆಗಳು ಅವರ ಫೋಟೋ ಹಾಕಿ ಬರೆದವು. ಏಣಿ ಇಟ್ಟವನನ್ನು ಯಾರೂ ತಪ್ಪಿತಸ್ಥ ಅನ್ನಲಿಲ್ಲ, ಅಷ್ಟೇ ಅಲ್ಲ, ಪಾಪ ಅವನಿಗೆ ಎಷ್ಟು ದುಃಖವಾಗಿದೆಯೋ ಎಂದು ಸಹೋದ್ಯೋಗಿಗಳು ಬೆನ್ನು ಸವರಿದರು. ಆ ಸಮಾಧಾನವನ್ನೇ ಅವರಿಗೆ ತಡೆದುಕೊಳ್ಳಲಾಗಲಿಲ್ಲ. ತಪ್ಪಿತಸ್ಥನೆಂದು ಬೈದಿದ್ದರೆ ಅಲ್ಲ ಎಂದು ಜಗಳವಾಡಬಹುದಿತ್ತು.

ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟು ದೊಡ್ಡಬಳ್ಳಾಪುರಕ್ಕೆ ವಾಪಸು ಬಂದರು. ಏಣಿಯ ಕೆಲಸ ಅವರಿಂದ ಆಗದೆ ಹೋಗಿತ್ತು. ಒಮ್ಮೆ ಪಿನ್ನು ತೆಗೆದು ಇಳಿದು ಬಂದವರು ತೆಗೆದೆನೋ ಇಲ್ಲವೋ ಎಂದು ಮತ್ತೆ ಹತ್ತಿ ನೋಡಿದರು, ಇಳಿದು ಮತ್ತೆ ಹತ್ತಿದರು. ಆ ದಿನ ಹಾರಾಟವೇ ನಿಂತುಹೋಯಿತು. ಊರಿಗೆ ಬಂದ ಮೇಲೆ ಪವರ್‌ಲೂಮ್ ರಿಪೇರಿ ಮಾಡಿಕೊಂಡು ಸಂಸಾರ ತೂಗಿಸಿದರು. ಮಗಳು ಅಕ್ಷತಳನ್ನು ಓದಿಸಿ ಮದುವೆ ಮಾಡಿದರು. ಕಣ್ಣು ಮಂಜಾಗಿ ಮಗ್ಗದ ಸಣ್ಣ ಕೆಲಸ ಆಗದೆ ಹೋದಾಗ ಬಸ್ಸುಗಳ ಈ ಕೆಲಸ ಸಿಕ್ಕಿತು. ಇಲ್ಲಿ ಏಣಿ ಹತ್ತುವುದಿಲ್ಲ.

"ನಾನು ಮದ್ವೆ ಆಗಿದ್ದು ಒಬ್ಬರನ್ನ, ಮನೇಲಿ ಇದ್ದಿದ್ದು ಇಬ್ಬರು," ಎನ್ನುತ್ತಾರೆ ಅವರ ಪತ್ನಿ ಸಪ್ಪಲಮ್ಮ. ಗಂಡನನ್ನು ಬಿಟ್ಟುಕೊಡದ, ಆದರೆ ಗಂಡನ ಬಗ್ಗೆ ಮುಚ್ಚಿಟ್ಟು ಮಾತಾಡಲು ಬಾರದ ಹೆಂಗಸು. "ಉಣ್ಣೋಕ್ ಕೂತ್ರೆ ಆ ಸಾಹೇಬ್ರು ಪಕ್ಕದಲ್ಲಿ ಕೂತ್ಕೊಳ್ಳೋರು. ಮಗಳ ಧಾರೆ ಎರೆಯೋವಾಗ್ಲೂ ಇವರ ಕಣ್ಣು ಎಲ್ಲೋ ಇತ್ತು. ಏನ್ರೀ ಅಂದ್ರೆ, ಸಾಹೇಬ್ರಿಗೂ ಮಕ್ಳಿದ್ರೆ ಇಷ್ಟೊತ್ತಿಗೆ ಮದ್ವೆ ಆಗ್ತಿತ್ತು ಅಂದ್ರು. ನಾನು ಎಷ್ಟ್ ಸಲ ಅತ್ತಿದ್ದೀನೋ."

ವಸಂತ್ ಅವರಿಗೆ ಮಕ್ಕಳಿರಲಿಲ್ಲ. ಆದರೆ ಅವರ ಹೆಸರಿನ ಮಕ್ಕಳಿಗೇನೂ ಕೊರತೆಯಿಲ್ಲ. ವಿಮಾನ ತಲೆಯ ಮೇಲೆ ಹಾದುಹೋದ ಆ ಊರಿನಲ್ಲಿ ಆ ವರ್ಷ, ಅದರ ಮರುವರ್ಷ ಹುಟ್ಟಿದ ಗಂಡುಮಕ್ಕಳಿಗೆಲ್ಲ ವಸಂತ್ ಎಂದೇ ಹೆಸರಿಟ್ಟರು. ಬೀದಿಯಲ್ಲಿ ನಿಂತು ವಸಂತ ಎಂದು ಕೂಗಿದರೆ ಇವತ್ತಿಗೂ ಹಲವು ಮನೆಗಳಿಂದ ಓಗೊಡುತ್ತಾರೆ. ಕೆರೆಯಂಗಳದ ಅಂಚಿನಲ್ಲಿ ಒಂದು ಕಲ್ಲು ನೆಟ್ಟಿದ್ದಾರೆ. ಸುತ್ತಲ ಹೊಲಗಳು ಲೇಔಟಾಗಿ ನಿವೇಶನಗಳ ಕಲ್ಲುಗಳು ಸಾಲಾಗಿ ಎದ್ದಿರುವುದರಿಂದ ಹೊಸಬರಿಗೆ ಅದು ಯಾವ ಕಲ್ಲೆಂದು ಗುರುತು ಹತ್ತುವುದಿಲ್ಲ. ಊರಿನವರು ಮಾತ್ರ ಪ್ರತಿ ವರ್ಷ ಆ ದಿನ ಅಲ್ಲಿ ಹೂವು ಇಟ್ಟು ಕಾಯಿ ಒಡೆಯುತ್ತಾರೆ.

ಆದಿನಾರಾಯಣಪ್ಪ ಅಲ್ಲಿಗೆ ಹೋಗಿದ್ದು ಒಂದೇ ಸಲ, ಅದೂ ಆ ದಿನವಲ್ಲ, ಬೇರೆ ದಿನ. ಯಾರೆಂದು ಹೇಳಿಕೊಳ್ಳದೆ ವಿಚಾರಿಸಿದಾಗ ಅವರಿಗೆ ಸಿಕ್ಕವರು ಮುನಿರತ್ನಮ್ಮ. ವಿಮಾನ ಬಿದ್ದ ದಿನ ಆಕೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದರು.

"ತೆಂಗಿನ ಮರದ ಎತ್ತರಕ್ಕೆ ಬಂತು ಸ್ವಾಮಿ. ಸದ್ದೇ ಇಲ್ಲ, ಅದೇ ಭಯ ಆಗಿದ್ದು. ನನ್ನ ಕೂಸು ಅಂಗಳದಲ್ಲಿ ಮಲಗಿತ್ತು. ಊರ ಮೇಲೆ ಬೀಳ್ತದೆ ಅನ್ನೋ ಅಷ್ಟ್ರಲ್ಲಿ ಪಕ್ಕಕ್ಕೆ ವಾಲಿ ದಾಟ್ಕೊಂಡ್ ಹೋಯ್ತು," ಎಂದು ಈಗಲೂ ಕೈ ಓರೆ ಮಾಡಿ ತೋರಿಸುತ್ತಾರೆ ಆಕೆ. "ಆವಯ್ಯ ನಮ್ಮ ಕುಲದೋರಲ್ಲ, ಬಂಧುವಲ್ಲ, ಮುಖ ನೋಡಿದ್ದಿಲ್ಲ. ನಮ್ಮ ಮಕ್ಳು ಆವಯ್ಯ ಬಿಟ್ಟುಹೋದ ಉಸಿರಲ್ಲಿ ಬದುಕವೆ."

ಆದಿನಾರಾಯಣಪ್ಪ ಆವತ್ತು ಕೇಳಬೇಕೆಂದಿದ್ದು ಒಂದೇ ಪ್ರಶ್ನೆ. ಊರು ದಾಟಿದ ಮೇಲೆ ವಿಮಾನ ಇನ್ನೂ ಎಷ್ಟು ದೂರ ಹೋಯಿತು? ಮುನಿರತ್ನಮ್ಮ ಕೆರೆ ಏರಿಯ ಕಡೆಗೆ ಬೆರಳು ತೋರಿಸಿ, "ಹೋಯ್ತು ಸ್ವಾಮಿ, ಅಷ್ಟು ದೂರ ಹೋಯ್ತು," ಎಂದರು. ಆದಿನಾರಾಯಣಪ್ಪ ಆ ದೂರವನ್ನು ಕಣ್ಣಲ್ಲೇ ಅಳೆದರು. ವಸಂತ್ ಊರಿಗಾಗಿಯೇ ಒಳಗೆ ಉಳಿದರು ಎಂಬುದರಲ್ಲಿ ಅವರಿಗೆ ಎಂದೂ ಅನುಮಾನವಿರಲಿಲ್ಲ. ಆದರೆ ಊರು ದಾಟಿದ ಮೇಲಿನ ಆ ದೂರದಲ್ಲಿ ಸಾಹೇಬರು ಹಿಡಿಕೆ ಎಳೆದರೋ? ಎಳೆದಾಗ ಅದು ಬರಲಿಲ್ಲವೋ? ಬರದೆ ಹೋದಾಗ, ಪಿನ್ನು ಹಾಗೇ ಇರುವುದು ಅವರ ಕಣ್ಣಿಗೆ ಬಿತ್ತೋ? ಈ ಪ್ರಶ್ನೆ ಇಟ್ಟುಕೊಂಡೇ ಅವರು ವಾಪಸು ಬಂದರು.

ವಸಂತ್ ಅವರ ಪತ್ನಿ ಮಮತ ದೇವನಹಳ್ಳಿಯಲ್ಲಿದ್ದಾರೆ. ದೊಡ್ಡಬಳ್ಳಾಪುರದಿಂದ ಬಸ್ಸು ಹತ್ತಿದರೆ ಒಂದು ಗಂಟೆಯ ದಾರಿಯೂ ಅಲ್ಲ. ಗಂಡನನ್ನು ಕೊನೆಯ ಬಾರಿ ಮುಟ್ಟಿದ ಕೈ ಇವರದೆಂದು ಆಕೆಗೆ ಗೊತ್ತಿತ್ತು. ಮೊದಲ ಕೆಲವು ವರ್ಷ ಅವರಿವರ ಕೈಲಿ, ಒಮ್ಮೆ ಬಂದು ಹೋಗಲು ಹೇಳಿ ಎಂದು ಹೇಳಿ ಕಳಿಸುತ್ತಿದ್ದರು. ಅಕ್ಷತಳ ಮದುವೆ ಎಂದು ಯಾರಿಂದಲೋ ತಿಳಿದು ಒಂದು ಸೀರೆಯನ್ನೂ ಕಳಿಸಿದ್ದರು. ಆದಿನಾರಾಯಣಪ್ಪ ಹೋಗಲಿಲ್ಲ. ದೇವನಹಳ್ಳಿಯ ಮೇಲೆ ಹೋಗಬೇಕಾದ ಕಡೆಗೆಲ್ಲ ಸುತ್ತು ಹಾಕಿ ಬೇರೆ ದಾರಿಯಲ್ಲಿ ಹೋದರು.

"ಏನಂತ ಹೋಗ್ಲಿ? ಪಿನ್ನು ತೆಗ್ದಿದ್ದೆ ಅಂತ ಹೇಳಿದ್ರೆ ಗೊತ್ತಿಲ್ದೇ ಇರೋದನ್ನ ಹೇಳ್ದಂಗೆ. ತೆಗ್ದಿಲ್ಲ ಅಂದ್ರೂ ಅಷ್ಟೇ. ಗೊತ್ತಿಲ್ಲ ಅಂದ್ರೆ ಆ ತಾಯಿಗೆ ಇನ್ನೊಂದ್ ಹೊರೆ ಹೊರಿಸ್ದಂಗೆ. ಇಲ್ಲೀವರ್ಗೂ ಗಂಡ ಊರಿಗೋಸ್ಕರ ಹೋದ್ರು ಅಂತ ಸಮಾಧಾನವಾಗಿದ್ದಾರೆ, ನಾನ್ಯಾಕೆ ಹೋಗಿ ಅದನ್ನ ಕೆಡಿಸ್ಲಿ ಅಂತ ನನಗೆ ನಾನೇ ಹೇಳ್ಕೊಂಡಿದ್ದೆ. ಒಳಗೆ ಇದ್ದಿದ್ದು ಹೆದರಿಕೆ, ಬೇರೇನಲ್ಲ."

ಕಳೆದ ಬೇಸಿಗೆಯಲ್ಲಿ ಹೊಸದೊಂದು ಶುರುವಾಯಿತು. ಬಸ್ಸಿನ ಬಳಿ ನಿಂತಾಗ ಕೈಯಲ್ಲಿದ್ದ ಸ್ಪ್ಯಾನರಿನ ಹೆಸರು ಅವರಿಗೆ ನೆನಪಾಗಲಿಲ್ಲ. ಒಂದು ಸಂಜೆ ತಾವೇ ಹುಟ್ಟಿ ಬೆಳೆದ ಬೀದಿಯಲ್ಲಿ ನಿಂತು ಮನೆಗೆ ಯಾವ ಕಡೆ ಹೋಗಬೇಕೆಂದು ಅಂಗಡಿಯವರನ್ನು ಕೇಳಿದರು. ಅಕ್ಷತ ಬಂದು ಡಾಕ್ಟರ ಬಳಿ ಕರೆದೊಯ್ದಳು. ವಯಸ್ಸಿನ ಮರೆವು, ನಿಧಾನವಾಗಿ ಹೆಚ್ಚಾಗುತ್ತದೆ, ಧೈರ್ಯವಾಗಿರಿ ಎಂದರು ಡಾಕ್ಟರು. ಆದಿನಾರಾಯಣಪ್ಪ ಮನೆಗೆ ಬಂದ ಮೇಲೆ ಹೆಂಡತಿಯನ್ನು ಕರೆದು ಕೂರಿಸಿಕೊಂಡರು.

"ಇರೋ ಮರೆವಿನ ಮೇಲೆ ಈ ಮರೆವೂ ಬಂದ್ರೆ, ಹೇಳ್ಬೇಕು ಅನ್ನೋದೇ ಮರ್ತುಹೋಗ್ತದಲ್ಲೇ," ಎಂದರಂತೆ.

ಸಪ್ಪಲಮ್ಮನಿಗೆ ಯೋಚಿಸಲು ಹೊತ್ತು ಬೇಕಾಗಲಿಲ್ಲ. "ಏಳಿ, ನಾಳೆನೇ ಹೋಗೋಣ. ನಾನೂ ಬರ್ತೀನಿ. ಅವರು ಬೈದ್ರೆ ಇಬ್ರೂ ಬೈಸ್ಕೊಂಡು ಬರೋಣ," ಎಂದರು.

ದೇವನಹಳ್ಳಿಯ ಹಳೆಯ ಪೇಟೆಯೊಳಗೆ ಸಣ್ಣ ಮನೆ. ಬಾಗಿಲು ತೆರೆದ ಮಮತ ಅವರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹೆಸರು ಹೇಳಿದ ಕೂಡಲೇ ಆಕೆ ಇವರ ಎರಡೂ ಕೈಗಳನ್ನು ಹಿಡಿದುಕೊಂಡರು. ಒಳಗೆ ಕೂರಿಸಿದರು. ಗೋಡೆಯ ಮೇಲೆ ವಸಂತ್ ಅವರ ಚಿತ್ರ, ಇನ್ನೂ ನಲವತ್ತು ದಾಟದ ಮುಖ. ಈಗ ಆ ಕೋಣೆಯಲ್ಲಿ ಕುಳಿತಿದ್ದವರೆಲ್ಲ ಆ ಚಿತ್ರದವರ ತಂದೆ ತಾಯಿಯಷ್ಟು ವಯಸ್ಸಾದವರು. ಆದಿನಾರಾಯಣಪ್ಪ ನೀರು ಕೂಡ ಮುಟ್ಟದೆ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಳಗೊಳಗೇ ಹೇಳಿಕೊಂಡು ಬಂದಿದ್ದನ್ನು ಹೇಳಿಬಿಟ್ಟರು. ಮಂಜಿನಿಂದಾಗಿ ಎರಡು ಸಲ ಹತ್ತಿಸಿದ್ದು, ಪಿನ್ನು ಮತ್ತೆ ಚುಚ್ಚಿದ್ದು, ಅವಸರವಾದದ್ದು, ವಿಚಾರಣೆಯಲ್ಲಿ ಹೇಳಿದ್ದು ಅಭ್ಯಾಸದ ಮಾತು, ನೆನಪಿನ ಮಾತಲ್ಲ ಎನ್ನುವುದು.

ಮಮತ ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ, "ತೆಗೀಲಿಲ್ಲ ಅಂತ ನೆನಪಿದೆಯಾ?" ಎಂದರು.

"ಇಲ್ಲಮ್ಮ. ತೆಗ್ದೆ ಅಂತಾನೂ ಇಲ್ಲ. ಆ ಜಾಗ ಖಾಲಿ ಐತೆ."

ಆಕೆ ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಸಪ್ಪಲಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕುಳಿತಿದ್ದರು. ಆದಿನಾರಾಯಣಪ್ಪ, ಇನ್ನು ಆಕೆ ಹೊರಗೆ ಹೋಗಿ ಎಂದರೆ ಹೋಗಿಬಿಡುವುದೆಂದು ಚಪ್ಪಲಿ ಬಿಟ್ಟಿದ್ದ ಕಡೆ ನೋಡುತ್ತಿದ್ದರು. ಮಮತ ವಾಪಸು ಬಂದಾಗ ಮುಖ ತೊಳೆದುಕೊಂಡಿದ್ದರು. ಎದುರಿಗೆ ಕುಳಿತು ಅವರು ಹೇಳಿದ್ದನ್ನು ಆದಿನಾರಾಯಣಪ್ಪ ಒಂದಕ್ಷರ ಬಿಡದೆ ಇಟ್ಟುಕೊಂಡಿದ್ದಾರೆ.

"ಪ್ರತಿ ವರ್ಷ ಆ ಊರಲ್ಲಿ ನನ್ನ ಕೈಗೆ ಮೈಕ್ ಕೊಡ್ತಾರೆ. ಆ ದಿನ ಬೆಳಗ್ಗೆ ಹೊರಡುವಾಗ ಅವರು ಏನಂದ್ರು ಹೇಳಿ ಅಂತಾರೆ. 'ಬೇಗ ಬರ್ತೀನಿ, ಊಟಕ್ಕೆ ಕಾಯ್ತಿರು' ಅಂದ್ರು ಅಂತ ಹೇಳ್ತೀನಿ. ಹೆಂಗಸರೆಲ್ಲ ಅಳ್ತಾರೆ. ಆದಿನಾರಾಯಣಪ್ಪನೋರೇ, ಅವರು ಆವತ್ತು ಏನಂದ್ರೋ ನನಗೆ ಗೊತ್ತಿಲ್ಲ. ನಾನು ಒಲೆ ಮುಂದೆ ಇದ್ದೆ. ತಿರುಗಿ ನೋಡಿದ್ನೋ ಇಲ್ವೋ ಅದೂ ಗೊತ್ತಿಲ್ಲ. ದಿನಾ ಹಾಗೆ ಅಂತಿದ್ರು, ಅದಕ್ಕೇ ಆವತ್ತೂ ಅಂದಿರ್ತಾರೆ ಅಂತ ಮೊದಲ ವರ್ಷ ಹೇಳ್ಬಿಟ್ಟೆ. ಆಮೇಲೆ ಬದಲಾಯಿಸೋಕೆ ಆಗ್ಲಿಲ್ಲ."

ತಪ್ಪು ಮಾಡಿದ್ದೀರಿ ಎಂದು ಆಕೆ ಅನ್ನಲಿಲ್ಲ. ತಪ್ಪು ಮಾಡಿಲ್ಲ ಎಂದೂ ಅನ್ನಲಿಲ್ಲ, ಅದನ್ನು ಹೇಳುವ ಅಧಿಕಾರ ಯಾರಿಗಿದೆ. ಒಂದೇ ಬೆಳಗು ಇಬ್ಬರ ಕೈಯಿಂದಲೂ ಜಾರಿಹೋಗಿತ್ತು, ಇಬ್ಬರೂ ಅದು ತಮ್ಮ ಬಳಿ ಇದೆಯೆಂದು ಲೋಕಕ್ಕೆ ಹೇಳಿಕೊಂಡು ಬಂದಿದ್ದರು. ಸಪ್ಪಲಮ್ಮನೇ ಎದ್ದು, ಕೇಳದೆ ಮಾಡದೆ ಅಡುಗೆಮನೆಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿದರು.

ಕಾಫಿ ಕುಡಿಯುವಾಗ ಮಮತ ಕೇಳಿದರು: "ಆ ದಿನ ಬೇಡ. ಬೇರೆ ದಿನ ನೆನಪಿದೆಯಾ? ಇದ್ರೆ ಒಂದು ಹೇಳಿ."

ಇತ್ತು. ಹೊಸ ವಿಮಾನವನ್ನು ವಸಂತ್ ಮೊದಲ ಬಾರಿ ಬೇಕೆಂದೇ ಬೀಳಿಸಿ ಎತ್ತಿಕೊಂಡು ಬಂದ ದಿನ. ಕೆಳಗಿಳಿದಾಗ ಎಲ್ಲರೂ ಹಾರ ಹಾಕಿ ಎತ್ತಿ ಕುಣಿಸಿದರು. ಜನ ಚದುರಿದ ಮೇಲೆ ಅವರು ಶೆಡ್ಡಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡರು. ಹಾರ ಇನ್ನೂ ಕೊರಳಲ್ಲೇ ಇತ್ತು. ಆದಿನಾರಾಯಣಪ್ಪ ನೀರು ಒಯ್ದು ಕೊಟ್ಟರು. ಬಾಯಿ ಮುಕ್ಕಳಿಸಿ, "ಇದನ್ನ ಮಮತಂಗೆ ಹೇಳ್ಬೇಡಪ್ಪಾ, ಸ್ಕೂಟರ್ ಓಡಿಸ್ದಂಗೆ ಅಂತ ಅವಳಿಗೆ ಹೇಳಿಟ್ಟಿದ್ದೀನಿ," ಎಂದಿದ್ದರು.

ಮಮತ ನಕ್ಕರು. ನಗುತ್ತಲೇ ಸೆರಗು ಕಣ್ಣಿಗೆ ಒತ್ತಿಕೊಂಡರು. "ಅವರಿಗೆ ಭಯ ಆಗ್ತಿತ್ತಾ?" ಎಂದರು.

"ಆಗ್ತಿತ್ತಮ್ಮ. ದಿನಾ ಆಗ್ತಿತ್ತು. ಬೆಲ್ಟು ಬಿಗಿಯೋವಾಗ ಎದೆ ಹೊಡ್ಕೊಳ್ಳೋದು ನನ್ನ ಕೈಗೆ ಗೊತ್ತಾಗೋದು. ಕೋಳಿಮರಿ ಹಿಡ್ಕೊಂಡಂಗೆ ಇರೋದು. ಬಾಯಲ್ಲಿ ಮಾತ್ರ ಏನೋ ತಮಾಷೆ ಮಾಡ್ತಿರೋರು. ಒಂದು ದಿನಾನೂ ಹತ್ತಲ್ಲ ಅನ್ನಲಿಲ್ಲ."

"ಭಯಾನೇ ಇಲ್ಲದ ಮನುಷ್ಯ ಅಂತ ಎಲ್ಲರೂ ಹೇಳಿ ಹೇಳಿ, ನಾನೂ ನಂಬಿಬಿಟ್ಟಿದ್ದೆ," ಎಂದರು ಮಮತ. "ಅಷ್ಟು ಭಯ ಇಟ್ಕೊಂಡು ಹೋಗ್ತಿದ್ರಾ ಪಾಪ. ನನ್ನ ಹತ್ರ ಒಂದ್ಸಲ ಹೇಳಿದ್ರೆ ಆಗ್ತಿತ್ತಲ್ಲ." ಆಮೇಲೆ ಆಕೆ ಬಿಕ್ಕಿ ಬಿಕ್ಕಿ ಅತ್ತರು. ಪದಕ ಬಂದ ದಿನ ಅತ್ತಿರದಷ್ಟು ಅತ್ತೆನೆಂದು ಆಕೆಯೇ ಹೇಳಿದರಂತೆ.

ಈಗ ಭಾನುವಾರಗಳಲ್ಲಿ, ಬಸ್ಸುಗಳ ಕೆಲಸ ಇಲ್ಲದ ದಿನ, ಗಂಡಹೆಂಡತಿ ದೇವನಹಳ್ಳಿಗೆ ಹೋಗುತ್ತಾರೆ. ಒಂದು ಸಲಕ್ಕೆ ಒಂದೇ ದಿನದ ಕತೆ. ವಸಂತ್ ಕಡ್ಲೆಕಾಯಿ ಸಿಪ್ಪೆಯನ್ನು ಹಾರಾಟದ ಅಂಗಿಯ ಜೇಬಿನಲ್ಲಿ ಬಿಟ್ಟು ಬೈಸಿಕೊಂಡ ದಿನ, ಅವರಪ್ಪ ಮೇಷ್ಟರು ಮಗನ ವಿಮಾನ ನೋಡಲು ಬಂದು ರೆಕ್ಕೆಯನ್ನು ಮುಟ್ಟಿ ಕೈಮುಗಿದ ದಿನ. ಕೆಲವು ಸಲ ಮಧ್ಯದಲ್ಲೇ ಆದಿನಾರಾಯಣಪ್ಪನವರಿಗೆ ದಾರಿ ತಪ್ಪುತ್ತದೆ, ಒಂದು ದಿನದ ಮಾತು ಇನ್ನೊಂದರೊಳಗೆ ಸೇರಿಕೊಳ್ಳುತ್ತದೆ. ಆಗ ಮಮತ ಅವಸರ ಮಾಡದೆ ಕಾಯುತ್ತಾರೆ. ಕಳೆದ ವಾರ ಹೇಳಿದ್ದನ್ನೇ ಈ ವಾರ ಹೇಳಿದರೂ ಮೊದಲ ಸಲವೆಂಬಂತೆ ಕೇಳುತ್ತಾರೆ.

ಮರೆವು ನಿಲ್ಲುವುದಿಲ್ಲವೆಂದು ಅವರಿಗೆ ಗೊತ್ತು. ನಿಮಗೇನು ಆಸೆ ಉಳಿದಿದೆ ಎಂದು ಕೇಳಿದರೆ, ಆದಿನಾರಾಯಣಪ್ಪ ಕೈಗಂಟಿದ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾರೆ.

"ಸಾಹೇಬ್ರ ಜೊತೆ ಇದ್ದ ದಿನಗಳು ಇನ್ನೂ ಬೇಕಾದಷ್ಟು ಅವೆ. ತಲೆ ಪೂರ್ತಿ ಹೋಗೋದ್ರೊಳಗೆ ಅಷ್ಟೂ ಆ ತಾಯಿಗೆ ಒಪ್ಪಿಸ್ಬಿಡ್ಬೇಕು, ಅವು ಅವರ ಮನೇವು. ಆ ಒಂದು ದಿನ ಮಾತ್ರ ನನ್ನ ಹತ್ರಾನೇ ಇರ್ಲಿ."